ಹನ್ನೊಂದರಿಂದ ಎಣಿಕೆ ಶುರುವಾದ ಚಿತ್ರಕಥೆ

ಅಮರ ಚಿತ್ರಕಥೆ ಮಾಲೆಯ ಇಂಗ್ಲಿಷ್ 'ಕೃಷ್ಣ'ದ ಹಳೆಯ ಪ್ರತಿ ಯಾರ ಬಳಿಯಾದರೂ ಇದ್ದರೆ ಅದರ ಕ್ರಮಾಂಕವನ್ನೊಮ್ಮೆ ನೋಡಬೇಕು. ಅಲ್ಲಿರುವುದು ಹನ್ನೊಂದು. ಈ ಮಾಲೆಯ ಮೊದಲ ಪುಸ್ತಕವೆಂದೇ ಬಹುಮಂದಿ ತಿಳಿದಿರುವ 'ಕೃಷ್ಣ'ಕ್ಕೂ ಮುಂಚೆ ಹತ್ತು ಪುಸ್ತಕಗಳು ಬಂದುಹೋಗಿದ್ದವು. ಅವು ಬಂದದ್ದು ಬೆಂಗಳೂರಿನಿಂದ, ಅದೂ ಕನ್ನಡದಲ್ಲಿ.

1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರಿಗೆ ಕನ್ನಡ ಮಕ್ಕಳಿಗಾಗಿ ಚಿತ್ರಕಥೆ ತರುವ ಯೋಚನೆ ಬಂತು. ಜ್ಯಾಕ್ ಮತ್ತು ಅವರೆಬಳ್ಳಿ, ಸಿಂಡರೆಲ್ಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಅಲ್ಲಾದೀನ, ಮಾಯಾ ಕಾರಂಜಿ, ಮೂರು ಹಂದಿಮರಿಗಳು, ನಿದ್ರಾ ಸುಂದರಿ, ಓಜ್‌ನ ಮಾಂತ್ರಿಕ, ಪಿನೋಕಿಯೋ, ಹಿಮಬಾಲೆ ಮತ್ತು ಏಳು ಕುಳ್ಳರು: ಇವು ಆ ಹತ್ತು ಕಥೆಗಳು. ಈ ಹತ್ತೂ ಅಮೆರಿಕದ ಗಿಲ್ಬರ್ಟನ್ ಕಂಪನಿ 1953ರಿಂದ ಹೊರತಂದ 'ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್' ಮಾಲೆಯ ಪಟ್ಟಿಯಲ್ಲಿಯೂ ಇವೆ. ಕಥೆ ಹೊರಗಿನದು, ಮಾತು ಕನ್ನಡದ್ದು. ಬೆಂಗಳೂರಿನಲ್ಲಿ ವ್ಯಾಪಾರ ಚೆನ್ನಾಗಿ ಕುದುರಿದ್ದರಿಂದಲೇ ಮುಂಬಯಿಯ ಮುಖ್ಯ ಕಚೇರಿಯಲ್ಲಿದ್ದ ಮೀರ್‌ಚಂದಾನಿಯವರಿಗೆ ಇಂಗ್ಲಿಷಿನಲ್ಲಿ ಇದನ್ನು ಮುಂದುವರಿಸುವ ಧೈರ್ಯ ಬಂತೆಂದು ಅನಂತರಾಮ್ ಹೇಳಿದ್ದಾರೆ.

ಆ ಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು ಟೈಮ್ಸ್ ಸಂಸ್ಥೆಯ ಇಂದ್ರಜಾಲ ಕಾಮಿಕ್ಸ್ ಬಿಟ್ಟು 1967ರಲ್ಲಿ ಇಂಡಿಯಾ ಬುಕ್ ಹೌಸ್ ಸೇರಿದರು. ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತೋಚದಿದ್ದುದನ್ನು ಕಂಡು ಅವರ ಮನಸ್ಸು ಈ ಕಡೆ ತಿರುಗಿತಂತೆ. ರಾಮ್ ವಾಯೀರ್‌ಕರ್ ಚಿತ್ರ ಬರೆದ 'ಕೃಷ್ಣ' ಬಂತು. ಹೀಗಾಗಿ ಮಾಲೆಯ ಜನಕರು ಯಾರೆಂಬ ತಕರಾರು ಇಂದಿಗೂ ಉಳಿದಿದೆ. ನನ್ನ ಮಟ್ಟಿಗೆ ಉತ್ತರ ಕಷ್ಟದ್ದಲ್ಲ: ಹೆಸರೂ ಅಂಗಡಿಯ ಯೋಚನೆಯೂ ಅನಂತರಾಮ್ ಅವರದು, ಒಳಗಿನ ಭಾರತ ಪೈ ಅವರದು. ಆದರೆ ಇಂದಿನ ಅಮರ ಚಿತ್ರಕಥೆಯ ಪಟ್ಟಿಯಲ್ಲಿ ಆ ಮೊದಲ ಹತ್ತೂ ಇಲ್ಲ. ಮರುಮುದ್ರಣ ಕಾಣದ ಪುಸ್ತಕದೊಡನೆ ಅದನ್ನು ತಂದವರ ಹೆಸರೂ ಮಸುಕಾಗುತ್ತದೆ.

ಇದೆಲ್ಲ ಎಲ್ಲೋ ಪ್ರಕಾಶಕರ ನಡುವಿನ ಮಾತು ಎನಿಸಬಹುದು. ಜಾಲಹಳ್ಳಿಯಂಥ ಕಡೆಗೆ ತಂದು ನೋಡೋಣ. ಅಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ದೇಶದ ನಾನಾ ಮೂಲೆಯವರು ಬಂದು ನೆಲೆಸಿದ ಊರು ಅದು. ಅಲ್ಲಿನ ಒಂದು ಮನೆಯ ಅಟ್ಟದಲ್ಲಿ, ತಂದೆ ಪಾಳಿ ಮುಗಿಸಿ ಬರುವಾಗ ಕೊಂಡು ತಂದಿದ್ದ ಹಳೆಯ ಕನ್ನಡ ಚಿತ್ರಕಥೆಗಳ ಕಟ್ಟು ಸಿಕ್ಕಿತೆನ್ನಿ. ಬಡಾವಣೆಯ ಕನ್ನಡ ಸಂಘದವರು, ಇದು ಅಂಗಡಿಯಲ್ಲಿ ಸಿಗುವುದಿಲ್ಲ, ನವೆಂಬರ್ ಒಂದಕ್ಕೆ ಇನ್ನೂರು ಪ್ರತಿ ಅಚ್ಚು ಹಾಕಿಸಿ ಅಸಲು ಬೆಲೆಗೇ ಮಕ್ಕಳಿಗೆ ಕೊಡೋಣ, ಲಾಭವಂತೂ ಬೇಡ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಲಾಭವಿಲ್ಲವೆಂಬ ಮಾತಿಗೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಬೆಲೆಯಿಲ್ಲ. ಅಪ್ಪಣೆಯಿಲ್ಲದೆ ಇನ್ನೂರು ಪ್ರತಿ ಮಾಡುವುದೇ ತಪ್ಪು, ಹಂಚಿದರೂ ಮಾರಿದರೂ.

ಹಾಗಾದರೆ ಅಪ್ಪಣೆ ಯಾರದು? ಒಂದೇ ಪುಸ್ತಕಕ್ಕೆ ಇಲ್ಲಿ ಹಲವು ಬೀಗಗಳಿವೆ. ಕಥೆಗೆ ಬೀಗವಿಲ್ಲ. ಸಿಂಡರೆಲ್ಲಾ ಕಥೆಯನ್ನು ಫ್ರಾನ್ಸಿನ ಪೆರೋ 1697ರಲ್ಲೇ ಬರೆದಿದ್ದಾನೆ. ಪಿನೋಕಿಯೋ 1883ರದು, ಓಜ್ 1900ರದು. ಯಾರು ಬೇಕಾದರೂ ಹೇಳಬಹುದು. ಚಿತ್ರದ ಮಾತು ಬೇರೆ. ಅದು ಹೊರದೇಶದ ಸಂಸ್ಥೆಯದಾದರೆ, ಇಲ್ಲಿನ ಪ್ರಕಾಶಕನದು ಗೇಣಿಯ ಹಕ್ಕು ಮಾತ್ರ. ಗೇಣಿಯ ಅವಧಿ ತೀರಿದರೆ ಬೆಳೆ ತೆಗೆಯುವಂತಿಲ್ಲ. ಮೂರನೆಯದು ಕನ್ನಡದ ಮಾತುಗಳು. ಅನುವಾದವೂ ಸ್ವತಂತ್ರ ಕೃತಿಯೇ. ಅದರ ಹಕ್ಕು ಅನುವಾದಕರದು, ಅಥವಾ ಅವರಿಂದ ಬರೆಸಿಕೊಂಡ ಸಂಸ್ಥೆಯದು. ನಾಲ್ಕನೆಯದು 'ಅಮರ ಚಿತ್ರಕಥೆ' ಎಂಬ ಹೆಸರು. ಅದು ವ್ಯಾಪಾರ ಚಿಹ್ನೆ. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಪುಸ್ತಕ ಅಟ್ಟದಲ್ಲೇ.

ಚಿತ್ರದ ಬೀಗಕ್ಕೆ ಒಂದು ಕಿರುಬಾಗಿಲೂ ಇದೆ. ಅಮೆರಿಕದಲ್ಲಿ 1964ಕ್ಕೆ ಮೊದಲು ಪ್ರಕಟವಾದ ಕೃತಿಯ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸದಿದ್ದರೆ ಅದು ಸಾರ್ವಜನಿಕರ ಸೊತ್ತಾಗುತ್ತಿತ್ತು. ಹೊರದೇಶದ ಕೃತಿಗೆ ಅದರ ತವರಿನಲ್ಲಿ ಇರುವುದಕ್ಕಿಂತ ಹೆಚ್ಚು ಆಯಸ್ಸನ್ನು ನಮ್ಮ ನಿಯಮ ಕೊಡುವುದಿಲ್ಲ. ಹಾಗಾಗಿ ಒಂದೊಂದು ಸಂಚಿಕೆಯ ನವೀಕರಣದ ದಾಖಲೆಯನ್ನೂ ಹುಡುಕಿ ನೋಡಬೇಕಾಗುತ್ತದೆ. ಎಪ್ಪತ್ತು ಪೈಸೆಯ ಪುಸ್ತಕಕ್ಕೆ ಎಪ್ಪತ್ತು ದಿನದ ಓಡಾಟವೆಂದರೂ ಸರಿಯೇ.

ಹನ್ನೊಂದರಿಂದ ಮುಂದಿನವುಗಳ ಗತಿ ಬೇರೆ. ಇವುಗಳ ಕಥೆ ಹೇಳಿದವರೂ ಚಿತ್ರ ಬರೆದವರೂ ಇಲ್ಲಿಯವರೇ, ಹಕ್ಕು ಪ್ರಕಾಶಕರ ಕೈಯಲ್ಲಿ. ನೌಕರಿಯ ಅಂಗವಾಗಿ ಬರೆದದ್ದರ ಮೊದಲ ಒಡೆಯ, ಬೇರೆ ಕರಾರಿಲ್ಲದಿದ್ದರೆ, ಉದ್ಯೋಗದಾತನೇ ಎಂದು ಕಾಯಿದೆಯ 17ನೆಯ ವಿಧಿ ಹೇಳುತ್ತದೆ. ಹೊರಗಿನ ಕಲಾವಿದರಿಗೂ ಪುಟಕ್ಕಿಷ್ಟು ಎಂದು ಕೊಟ್ಟು ಲೆಕ್ಕ ಚುಕ್ತಾ ಮಾಡುವುದೇ ನಮ್ಮ ಚಿತ್ರಕಥಾ ಲೋಕದಲ್ಲಿ ಹೆಚ್ಚಿನ ರೂಢಿ. ಎಷ್ಟು ಬಾರಿ ಅಚ್ಚಾದರೂ ಅವರಿಗೆ ಮತ್ತೆ ಕಾಸು ಹುಟ್ಟುವುದಿಲ್ಲ. ಮರುಮುದ್ರಣ ಅಗ್ಗವಾಗುವುದರಲ್ಲಿ ಇದರ ಪಾಲೂ ಇದೆಯೆಂಬುದನ್ನು ಬೆಲೆ ಕಂಡು ಸಂತೋಷಪಡುವ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಹಕ್ಕು ಒಂದೇ ಕೈಯಲ್ಲಿದ್ದುದರಿಂದಲೇ 2007ರಲ್ಲಿ ಇಡೀ ಮಾಲೆ 'ಎಸಿಕೆ ಮೀಡಿಯಾ' ಎಂಬ ಹೊಸ ಸಂಸ್ಥೆಗೆ ಸರಾಗವಾಗಿ ಮಾರಾಟವಾಯಿತು. ಹಳೆಯ ಹನ್ನೊಂದನೆಯ 'ಕೃಷ್ಣ' ಹೊಸ ಎಣಿಕೆಯಲ್ಲಿ 501 ಆಗಿ ಇಂದಿಗೂ ಅಚ್ಚಾಗುತ್ತಿದೆ. ಒಡೆಯರು ಬದಲಾದರೂ ಹಕ್ಕಿನ ಆಯಸ್ಸನ್ನು ಅಳೆಯುವುದು ಬರೆದವರ ಬದುಕಿನಿಂದ: ಸತ್ತ ಮೇಲೆ 60 ವರ್ಷ. ಅನಂತ ಪೈ ತೀರಿಕೊಂಡದ್ದು 2011ರ ಫೆಬ್ರವರಿಯಲ್ಲಿ. ಅವರು ಬರೆದ ಚಿತ್ರಕಥೆಯ ಪಠ್ಯ 2071ರ ಕೊನೆಯವರೆಗೆ ಮುಟ್ಟುವಂತಿಲ್ಲ.

ಪೈ ಅವರು ಬಿಟ್ಟುಬಂದ ಇಂದ್ರಜಾಲದ್ದು ಇದಕ್ಕೆ ತದ್ವಿರುದ್ಧ. 1964ರಿಂದ 1990ರವರೆಗೆ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದರೂ ಫ್ಯಾಂಟಮ್, ಮ್ಯಾಂಡ್ರೇಕ್ ಅಮೆರಿಕದ ಕಿಂಗ್ ಫೀಚರ್ಸ್ ಸಂಸ್ಥೆಯ ಸೊತ್ತು. ತಾನೇ ಅಚ್ಚು ಹಾಕಿದ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಬೇಕಾದರೂ ಪ್ರಕಾಶಕ ಮತ್ತೊಬ್ಬರ ಬಾಗಿಲು ತಟ್ಟಬೇಕು.

ಈಗ ಬೆಲೆಯ ಮಾತು. ಮೂವತ್ತೆರಡು ಪುಟಕ್ಕೆ ಇಷ್ಟೊಂದು ಏಕೆ ಎಂದು ಮರುಮುದ್ರಣದ ಪುಸ್ತಕ ಕೈಗೆತ್ತಿಕೊಂಡವರು ಗೊಣಗುವುದುಂಟು. ಬಹುಭಾಷಾ ಚಿತ್ರಕಥೆಯ ಅಗ್ಗದ ಗುಟ್ಟು ಅಚ್ಚುಮನೆಯಲ್ಲಿದೆ. ಬಣ್ಣದ ಪುಟಕ್ಕೆ ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಪ್ಲೇಟುಗಳು ಬೇಕು. ಮಾತುಗಳಿರುವುದು ಕಪ್ಪಿನಲ್ಲಿ. ಆದ್ದರಿಂದ ಮೂರು ಬಣ್ಣಗಳನ್ನು ಎಲ್ಲ ಭಾಷೆಗೂ ಸೇರಿಸಿ ರಾಶಿಯಾಗಿ ಅಚ್ಚು ಹಾಕಿ, ಕಪ್ಪು ಪ್ಲೇಟನ್ನು ಮಾತ್ರ ಬದಲಾಯಿಸಿದರೆ ಕನ್ನಡವೂ ಆಯಿತು, ಬಂಗಾಳಿಯೂ ಆಯಿತು. ಪುಸ್ತಕದ ತಯಾರಿಗೆ 60,000 ರೂಪಾಯಿ ತಗಲುತ್ತದೆಂದು ಒಂದು ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಭಾಷೆ ಸೇರಿ 60,000 ಪ್ರತಿಯಾದರೆ ಪ್ರತಿಗೆ ಒಂದು ರೂಪಾಯಿ. ಕನ್ನಡದ ಸಾವಿರ ಪ್ರತಿ ಮಾತ್ರವಾದರೆ ಅರವತ್ತು ರೂಪಾಯಿ. ಕಾಗದ, ಹೊಲಿಗೆ, ಅಂಗಡಿಯವರ ಕಮಿಷನ್ ಇನ್ನೂ ಬೇರೆ. ಇದರ ಮೇಲೆ ಹೊರದೇಶದ ಒಡೆಯರು ಎಷ್ಟು ಮಾರಿದರೂ ಇಷ್ಟು ಎಂದು ಮುಂಗಡ ಕೇಳಿದರೆ, ಸಣ್ಣ ಭಾಷೆಯ ಪ್ರಕಾಶಕ ಅಲ್ಲೇ ಕೈಮುಗಿಯುತ್ತಾನೆ.

ಕೈಮುಗಿಯದವರೂ ಇದ್ದಾರೆ. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಿಂದ, ಅದೇ ಮನೆತನದ ಲಯನ್ ಕಾಮಿಕ್ಸ್ 1984ರಿಂದ ಯುರೋಪಿನ ಚಿತ್ರಕಥೆಗಳನ್ನು ಪರವಾನಗಿ ಪಡೆದು ತಮಿಳಿಗೆ ತಂದಿವೆ. ಕಡಿಮೆ ಪ್ರತಿ, ಏರಿದ ಬೆಲೆ, ಮೊದಲೇ ಚಂದಾ ಕಟ್ಟುವ ಓದುಗರು: ಇದು ಅವರು ಕಂಡುಕೊಂಡ ದಾರಿ. ಆದರೆ ಆ ಓದುಗರಲ್ಲಿ ಬಹುಮಂದಿ ಬಾಲ್ಯವನ್ನು ಹುಡುಕಿ ಬರುವ ದೊಡ್ಡವರು. ಮಕ್ಕಳ ಜೇಬಿಗೆ ಎಟುಕುವ ಬೆಲೆ ಈ ದಾರಿಯಲ್ಲಿ ಸಿಗುವುದು ಕಷ್ಟ.

ಹಳೆಯ ಪ್ರತಿಯ ಬೆಲೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕಕ್ಕೆ ಹೋದದ್ದನ್ನೇ ಸಂಗ್ರಹಕಾರರು ಎಷ್ಟೋ ಪಟ್ಟು ಕೊಟ್ಟು ಕೊಳ್ಳುತ್ತಾರೆ. ಒಮ್ಮೆ ನ್ಯಾಯವಾಗಿ ಮಾರಾಟವಾದ ಪ್ರತಿಯನ್ನು ಯಾರು ಯಾರಿಗೆ ಎಷ್ಟಕ್ಕೆ ಮಾರಿದರೂ ಕೃತಿಸ್ವಾಮ್ಯದ ಒಡೆಯನಿಗೆ ಪಾಲಿಲ್ಲ. ಮರುಮುದ್ರಣ ಬಂದಾಗ ಈ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ಗೊಣಗುವ ಸಂಗ್ರಹಕಾರರನ್ನು ಕಂಡರೆ ನನಗೆ ಹೆಚ್ಚು ಕನಿಕರ ಹುಟ್ಟುವುದಿಲ್ಲ.

ಜಾಲಹಳ್ಳಿಯ ಸಂಘದವರಿಗೆ ಕಾಯಿದೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಮಾರುಕಟ್ಟೆಯಲ್ಲಿ ಸಿಗದ ಪುಸ್ತಕವನ್ನು ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಉಪಯೋಗಕ್ಕೆ ಮೂರು ಪ್ರತಿಯವರೆಗೆ ಮಾಡಿಕೊಳ್ಳಬಹುದು. ಪಾಠ ಹೇಳುವ ಸಂದರ್ಭದಲ್ಲಿ ಅಧ್ಯಾಪಕರಿಗೆ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಇದನ್ನು ಉದಾರವಾಗಿಯೇ ಅರ್ಥೈಸಿತು. ರಾಜ್ಯೋತ್ಸವದ ಬಹುಮಾನ ಮಾತ್ರ ಪಾಠವೆನಿಸದು. ಇನ್ನು 32ಎ ವಿಧಿ: ಕಥೆ, ಚಿತ್ರಗಳಂಥ ಕೃತಿ ಪ್ರಕಟವಾಗಿ ಏಳು ವರ್ಷ ಕಳೆದು, ಪ್ರತಿಗಳು ಸಿಗದಿದ್ದರೆ ಅಥವಾ ಅಂಥ ಪುಸ್ತಕಕ್ಕೆ ತಕ್ಕ ಬೆಲೆಯಲ್ಲಿ ಆರು ತಿಂಗಳು ಮಾರಾಟದಲ್ಲಿರದಿದ್ದರೆ, ವ್ಯವಸ್ಥಿತ ಬೋಧನೆಗಾಗಿ ಮುದ್ರಿಸಲು ಕಡ್ಡಾಯ ಪರವಾನಗಿ ಕೇಳಬಹುದು. ಒಡೆಯರಿಗೆ ರಾಯಧನ ಕೊಡಬೇಕು. ಒಂದು ಶಾಲೆಯನ್ನು ಜೊತೆಗೆ ಸೇರಿಸಿಕೊಂಡರೆ ಯೋಚಿಸಬಹುದಾದ ದಾರಿ.

ಅದಕ್ಕೂ ಮೊದಲು ಪುಸ್ತಕದ ಒಳಪುಟದಲ್ಲಿ ಅನುವಾದಕರ ಹೆಸರು ಅಚ್ಚಾಗಿದೆಯೇ ನೋಡಿಕೊಳ್ಳಬೇಕು. ಹೆಸರಿದ್ದರೆ ಅವರ ಜೀವಿತಾವಧಿಯ ಮೇಲೆ 60 ವರ್ಷ. ಬರೆದವರು ಯಾರೆಂದೇ ತಿಳಿಯದ ಕೃತಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಅಂದರೆ 1965ರ ಹೆಸರಿಲ್ಲದ ಕನ್ನಡ ಪಠ್ಯದ ಮೇಲಿನ ಹಕ್ಕು 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆ ಮಾತುಗಳನ್ನಿಟ್ಟುಕೊಂಡು ಊರಿನ ಯಾವನೇ ಕಲಾವಿದನಿಂದ ಸಿಂಡರೆಲ್ಲಾಳ ಹೊಸ ಚಿತ್ರ ಬರೆಸಿದರೆ ಯಾರೂ ತಡೆಯುವಂತಿಲ್ಲ. ಕಲಾವಿದನೊಡನೆ ಕರಾರನ್ನು ಬರಹದಲ್ಲಿ ಮಾಡಿಕೊಂಡು ಅವಧಿಯನ್ನೂ ನಮೂದಿಸಬೇಕು. ನಮೂದಿಸದಿದ್ದರೆ ವರ್ಗಾವಣೆ ಐದೇ ವರ್ಷಕ್ಕೆಂದು 19ನೆಯ ವಿಧಿ ಭಾವಿಸುತ್ತದೆ.