ಮಲ್ಪೆಯ ಕಡಲಲ್ಲಿ ಕಲ್ಲಿನ ಪಾಠ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಡಗರ. ಉಡುಪಿಗೆ ಬಂದ ಬಸ್ಸುಗಳು ಕೃಷ್ಣಮಠದ ದರ್ಶನ ಮುಗಿಸಿ ಮಲ್ಪೆಯತ್ತ ತಿರುಗುತ್ತವೆ. ಮಕ್ಕಳು ನೀರಿಗಿಳಿಯುತ್ತಾರೆ, ಚುರುಮುರಿ ತಿನ್ನುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಗೆ ಪ್ರವಾಸ ಮುಗಿಯಿತು. ‘ಏನು ನೋಡಿದೆ ಮಗಾ?’ ಎಂದು ಮನೆಯಲ್ಲಿ ಕೇಳಿದರೆ ‘ಸಮುದ್ರ’ ಎಂಬ ಒಂದೇ ಉತ್ತರ. ತಂದೆತಾಯಿ ಹೊಂದಿಸಿ ಕೊಟ್ಟ ಹಣಕ್ಕೆ ಇಷ್ಟೇ ಫಲವಾದರೆ ಸಾಲದು. ಏಕೆಂದರೆ ಉಡುಪಿಯ ಸುತ್ತಲಿನ ಕರಾವಳಿಯಲ್ಲಿ ಭೂಗೋಳ, ವಿಜ್ಞಾನ, ಇತಿಹಾಸದ ಹಲವು ಪಾಠಗಳು ಕಣ್ಣೆದುರೇ ಇವೆ. ನಿಂತು ನೋಡುವ ವ್ಯವಧಾನ ಬೇಕು, ಅಷ್ಟೆ.

ಬೆಂಕಿಯಿಂದ ಹುಟ್ಟಿದ ಕಂಬಗಳು

ಮಲ್ಪೆ ಬಂದರಿನಿಂದ ದೋಣಿಯಲ್ಲಿ ಸುಮಾರು ಆರು ಕಿಲೋಮೀಟರ್ ಸಾಗಿದರೆ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ತೆಂಗಿನ ಮರಗಳ ಈ ಪುಟ್ಟ ದ್ವೀಪದ ಅಂಚಿನಲ್ಲಿ ಯಾರೋ ಶಿಲ್ಪಿ ಕಡೆದು ನಿಲ್ಲಿಸಿದಂತೆ ಸಾಲುಸಾಲು ಕಲ್ಲಿನ ಕಂಬಗಳಿವೆ. ಆದರೆ ಇವಕ್ಕೆ ಉಳಿ ತಾಗಿಲ್ಲ. ಇವು ಲಾವಾರಸ ಗಟ್ಟಿಯಾಗಿ ಆದ ಕಂಬಗಳು. ಹಲವರು ಇವನ್ನು ಬಸಾಲ್ಟ್ ಎನ್ನುವುದುಂಟು. ವಾಸ್ತವವಾಗಿ ಇವು ಸಿಲಿಕಾ ಅಂಶ ಹೆಚ್ಚಿರುವ ರಯೋಲೈಟ್ ಬಗೆಯ ಶಿಲೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಇದೂ ಒಂದು.

ಕಂಬಗಳಾದದ್ದು ಹೇಗೆ? ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೆನಪಿಸಿಕೊಳ್ಳಿ. ಒಣಗಿದ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಲಾವಾ ಕೂಡ ತಣಿಯುವಾಗ ಕುಗ್ಗುತ್ತದೆ. ಮೊದಲು ತಣಿಯುವುದು ಹೊರಮೈ. ಅಲ್ಲಿ ಮೂಡಿದ ಬಿರುಕುಗಳು ಒಳಭಾಗ ತಣಿದಂತೆಲ್ಲ ಆಳಕ್ಕೆ ಇಳಿಯುತ್ತವೆ. ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದರೆ ಎಳೆತ ಎಲ್ಲ ದಿಕ್ಕಿಗೂ ಸಮನಾಗಿ ಸಡಿಲುತ್ತದೆ. ಆ ಕೋನಗಳಿಂದಲೇ ಆರು ಮುಖದ ಕಂಬ. ಪ್ರಕೃತಿ ಕೋನಮಾಪಕ ಹಿಡಿದು ಕೂರುವುದಿಲ್ಲವಾದ್ದರಿಂದ ಐದು, ಏಳು ಮುಖದವೂ ಸಿಗುತ್ತವೆ. ಎಣಿಸಿ ನೋಡಿ.

ಈ ಶಿಲೆಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆಯಾಗುವ ಹಂತದಲ್ಲಿದ್ದವು. ನೆಲ ಸೀಳಿದಾಗ ಉಕ್ಕಿದ ಲಾವಾದ ಉಳಿಕೆಯೇ ಈ ಕಂಬಗಳು. ಬೇರ್ಪಟ್ಟ ಭಾರತ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿದ್ದರಿಂದ ಹಿಮಾಲಯ ಎದ್ದದ್ದು ಆಮೇಲಿನ ಕಥೆ. ಅಂದರೆ ಈ ಕಲ್ಲುಗಳು ಹಿಮಾಲಯಕ್ಕಿಂತ ಹಿರಿಯವು!

ಗಾಮನಿಗೂ ಮೊದಲು

ದ್ವೀಪದ ಹೆಸರಿನ ಹಿಂದೆ ವಾಸ್ಕೋ ಡ ಗಾಮ ಇದ್ದಾನೆ. 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದ ಅವನು ಅದೇ ವರ್ಷ ಹಿಂದಿರುಗುವಾಗ ಈ ಕರಾವಳಿಯ ದ್ವೀಪವೊಂದರಲ್ಲಿ ‘ಸಾಂತಾ ಮರಿಯಾ’ ಹೆಸರಿನ ಕಲ್ಲುಕಂಬ ನೆಡಿಸಿದನೆಂದು ಆ ಪ್ರಯಾಣದ ದಿನಚರಿ ಹೇಳುತ್ತದೆ.

ಆದರೆ ನಮ್ಮ ಕಡಲಿನ ಇತಿಹಾಸ ಗಾಮನಿಂದ ಶುರುವಾಗುವುದಿಲ್ಲ. ಉಡುಪಿಯ ಉತ್ತರಕ್ಕಿರುವ ಬಾರ್ಕೂರು ಆಳುಪರ ರಾಜಧಾನಿ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಕಂಡ ‘ಫಾಕನೂರು’ ಇದೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ಕುಂದಾಪುರದ ಬಳಿಯ ಬಸರೂರು ಅಕ್ಕಿ ವ್ಯಾಪಾರಕ್ಕೆ ಹೆಸರಾಗಿತ್ತು. ಅದರ ಸಂಪತ್ತಿನ ಸುದ್ದಿ ಕೇಳಿಯೇ 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ದಾಳಿ ಮಾಡಿದ. ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ವರ್ತಕರ ಕೂಟದ ಹೆಸರು ಬರುತ್ತದೆ. ಅದು ‘ಅಂಜುಮನ್’ ಎಂಬ ಪಾರ್ಸಿ ಪದದ ಕನ್ನಡ ರೂಪ. ಹಡಗುಗಳು ಸರಕಿನ ಜತೆ ಮಾತನ್ನೂ ತಂದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಇಂದು ಆ ಹಡಗುಗಳಿಲ್ಲ. ದೇವಾಲಯ, ಬಸದಿ, ಶಾಸನಗಳು ಉಳಿದಿವೆ.

ದೀಪಸ್ತಂಭದ ಲೆಕ್ಕ

ಉಡುಪಿಯ ದಕ್ಷಿಣಕ್ಕೆ ಕಾಪು. ಅಲ್ಲಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಪ್ರವೇಶದ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಮೇಲೆ ಹತ್ತಬಹುದು. ಮಕ್ಕಳಿಗೊಂದು ಸುಲಭ ಲೆಕ್ಕ: ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೀರಂಚಿನಲ್ಲಿ ನಿಂತವರಿಗೆ ಅದು ಸುಮಾರು ನಾಲ್ಕೂವರೆ ಕಿಲೋಮೀಟರ್. 25 ಮೀಟರ್ ಮೇಲೇರಿದರೆ ಸುಮಾರು 18! ದೀಪವನ್ನು ಎತ್ತರದಲ್ಲಿಡುವುದೇಕೆ ಎಂಬುದಕ್ಕೆ ಇದೇ ಉತ್ತರ. ದೂರ ಹೋಗುವ ದೋಣಿಯ ಒಡಲು ಮೊದಲು ಮರೆಯಾಗಿ, ತುದಿ ಕೊನೆಗೆ ಮರೆಯಾಗುವುದನ್ನೂ ಗಮನಿಸಿ. ಭೂಮಿ ಗುಂಡಗಿದೆ ಎಂಬ ಪಾಠ ಆಮೇಲೆ ಬಾಯಿಪಾಠ ಮಾಡಬೇಕಿಲ್ಲ.

ಪಾಲಕರಿಗೆ ಎರಡು ಮಾತು

ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ದ್ವೀಪಕ್ಕೆ ದೋಣಿ ಇರುವುದಿಲ್ಲ. ಉಳಿದ ದಿನಗಳಲ್ಲೂ ಎಚ್ಚರ ಬೇಕು. ಪಾಚಿ ಕಟ್ಟಿದ ಬಂಡೆ ಜಾರುತ್ತದೆ. ಶಾಂತವಾಗಿ ಕಂಡ ನೀರಿನಿಂದಲೇ ದೊಡ್ಡ ಅಲೆ ಏಳುತ್ತದೆ. ಫೋಟೊಕ್ಕಾಗಿ ಅಂಚಿಗೆ ಹೋಗಿ, ಈಜಲು ಇಳಿದು ಇಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳಿದ್ದಾರೆ. ಕಾವಲು ಸಿಬ್ಬಂದಿ ಬೇಡವೆಂದ ಕಡೆ ಯಾವ ಕಾರಣಕ್ಕೂ ಮಕ್ಕಳನ್ನು ಬಿಡಬೇಡಿ. ಹತ್ತು ಮಕ್ಕಳಿಗೆ ಒಬ್ಬ ಹಿರಿಯರಾದರೂ ಜತೆಗಿರಲಿ.

ಇನ್ನೊಂದು ಮಾತು. ನೆನಪಿಗೆಂದು ಕಲ್ಲು ಒಡೆಯುವುದು, ಹೆಸರು ಕೆತ್ತುವುದು, ಪ್ಲಾಸ್ಟಿಕ್ ಬಾಟಲಿ ಎಸೆಯುವುದು ಬೇಡ. ಮುರಿದ ಕೊಂಬೆ ಮತ್ತೆ ಚಿಗುರಬಹುದು, ಮುರಿದ ಶಿಲಾಕಂಬ ಚಿಗುರದು. ಅದರ ಬದಲು ಮಕ್ಕಳ ಕೈಗೆ ಒಂದು ನೋಟ್ ಪುಸ್ತಕ, ಪೆನ್ಸಿಲ್ ಕೊಡಿ. ಕಂಬದ ಮುಖಗಳನ್ನು ಎಣಿಸಿ ಬರೆಯಲಿ, ದೋಣಿ ಮರೆಯಾದ ಬಗೆಯನ್ನು ಚಿತ್ರಿಸಲಿ, ಶಾಸನದ ಒಂದು ಅಕ್ಷರವನ್ನಾದರೂ ಗುರುತಿಸಲಿ. ಮನೆಗೆ ಬಂದ ಮೇಲೆ ಆ ಪುಸ್ತಕ ತೆರೆದು ನಿಮಗೇ ಪಾಠ ಹೇಳಲಿ!