ಕಾಲೇಜಿನ ಮಾನ್ಯತೆ: ಪಾಲಕರು ಕೇಳಲೇಬೇಕಾದ ಪ್ರಶ್ನೆ

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆ ಕಳೆಯುವುದರೊಳಗೆ ಒಂದೇ ಚರ್ಚೆ ಆರಂಭವಾಗುತ್ತದೆ. ಯಾವ ಕಾಲೇಜು, ಯಾವ ಕೋರ್ಸು, ಶುಲ್ಕವೆಷ್ಟು, ವಸತಿನಿಲಯ ಹೇಗಿದೆ? ನಾವು ಕಟ್ಟಡವನ್ನು ನೋಡಿ ಬರುತ್ತೇವೆ. ಪ್ರಯೋಗಾಲಯ, ಗ್ರಂಥಾಲಯಗಳ ಬಗ್ಗೆ ವಿಚಾರಿಸುತ್ತೇವೆ. ಅಲ್ಲಿ ಓದಿದ ಪರಿಚಯಸ್ಥರ ಮಕ್ಕಳನ್ನು ಕೇಳುತ್ತೇವೆ. ಆದರೆ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದನ್ನು ನಮ್ಮಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. ಈ ಪದವಿಯನ್ನು ಕೊಡುವ ಅಧಿಕಾರ ಈ ಸಂಸ್ಥೆಗೆ ಎಲ್ಲಿಂದ ಬಂದಿದೆ?

ಹೊಲ ಕೊಳ್ಳುವಾಗ ಪಹಣಿ ತೆಗೆಸಿ ನೋಡುತ್ತೇವೆ. ಮನೆ ಕೊಳ್ಳುವಾಗ ಋಣಭಾರ ಪತ್ರವನ್ನು ಕೇಳುತ್ತೇವೆ. ಮಾರುವವರು ಹತ್ತಿರದ ನೆಂಟರೇ ಆಗಿದ್ದರೂ ಕಾಗದಪತ್ರ ನೋಡದೆ ಮುಂಗಡ ಕೊಡುವುದಿಲ್ಲ. ಮಕ್ಕಳ ಆಯುಷ್ಯದ ಮೂರು ನಾಲ್ಕು ವರ್ಷಗಳನ್ನು ಒಪ್ಪಿಸುವಾಗ ಮಾತ್ರ ಬರೀ ಮಾತಿನ ಮೇಲೆ ಭರವಸೆಯಿಡುತ್ತೇವೆ. ಈ ಅಸಡ್ಡೆಗೆ ತೆರಬೇಕಾಗಿ ಬರುವ ಬೆಲೆ ಎಷ್ಟು ದೊಡ್ಡದೆಂಬುದನ್ನು ಕಳೆದ ಎರಡು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ಪದವಿಯ ಹಿಂದಿರುವ ಕಾನೂನು

ಜ್ಞಾನವನ್ನು ಯಾರು ಯಾರಿಗಾದರೂ ಧಾರೆಯೆರೆಯಬಹುದು. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ. ಆದರೆ ‘ಪದವಿ’ ಎಂಬುದು ಕಾನೂನಿನಿಂದ ಹುಟ್ಟುವ ವಸ್ತು. ನಮ್ಮ ದೇಶದಲ್ಲಿ 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದುದು ಶಾಸನಗಳ ಮೂಲಕವೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಉದಯಿಸುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು, 1933ರಲ್ಲಿ ಕೆ.ಎಲ್.ಇ. ಸಂಸ್ಥೆಯು ಬೆಳಗಾವಿಯಲ್ಲಿ ತೆರೆದ ಲಿಂಗರಾಜ ಕಾಲೇಜು ಇವೆರಡೂ ಮುಂಬಯಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದವು. ಪಾಠ ನಡೆಯುತ್ತಿದ್ದುದು ನಮ್ಮ ನೆಲದಲ್ಲಿ, ಪದವಿಪತ್ರದ ಮೇಲಿನ ಮುದ್ರೆ ಮುಂಬಯಿಯದು. ಕನ್ನಡ ನಾಡಿನ ಹಿರಿಯರು ಕಾಲೇಜು ಕಟ್ಟುವುದಕ್ಕೆ ಎಷ್ಟು ಶ್ರಮಿಸಿದರೋ ಅದಕ್ಕೆ ವಿಶ್ವವಿದ್ಯಾಲಯದ ಒಪ್ಪಿಗೆ ಪಡೆಯುವುದಕ್ಕೂ ಅಷ್ಟೇ ಶ್ರಮಿಸಬೇಕಾಗಿತ್ತು.

ಸ್ವಾತಂತ್ರ್ಯಾನಂತರ ಈ ವಿಷಯಕ್ಕೆ ಸ್ಪಷ್ಟ ರೂಪ ಬಂದುದು 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯಿದೆಯಿಂದ. ಇದರ 22ನೆಯ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಮೂರು ಬಗೆಯ ಸಂಸ್ಥೆಗಳಿಗೆ ಮಾತ್ರ ಇದೆ. ಮೊದಲನೆಯದು, ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ. ಎರಡನೆಯದು, 3ನೆಯ ಕಲಮಿನಡಿ ಕೇಂದ್ರ ಸರ್ಕಾರದಿಂದ ಘೋಷಿತವಾದ ‘ಡೀಮ್ಡ್’ ಅಂದರೆ ಪರಿಗಣಿತ ವಿಶ್ವವಿದ್ಯಾಲಯ. ಮೂರನೆಯದು, ಪದವಿ ನೀಡಲು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಕಾಯಿದೆಯಿಂದ ಸ್ಥಾಪಿತವಾಗದ ಸಂಸ್ಥೆಯು ತನ್ನ ಹೆಸರಿನೊಡನೆ ‘ವಿಶ್ವವಿದ್ಯಾಲಯ’ ಎಂಬ ಪದವನ್ನು ಸೇರಿಸಿಕೊಳ್ಳುವುದನ್ನು ಸಹ 23ನೆಯ ಕಲಮು ನಿಷೇಧಿಸುತ್ತದೆ.

ನಿಷೇಧವೇನೋ ಕಟ್ಟುನಿಟ್ಟಾಗಿದೆ. ಆದರೆ ಅದನ್ನು ಮೀರಿದವರಿಗೆ 1956ರ ಕಾಯಿದೆಯು ಗೊತ್ತುಪಡಿಸಿದ ದಂಡ ಗರಿಷ್ಠ ಒಂದು ಸಾವಿರ ರೂಪಾಯಿ! ಒಬ್ಬ ವಿದ್ಯಾರ್ಥಿಯಿಂದಲೇ ಹತ್ತಾರು ಸಾವಿರ ಪಡೆಯುವವರನ್ನು ಇದು ಹೇಗೆ ತಾನೆ ತಡೆದೀತು? ಆಯೋಗವು ಕಾಲಕಾಲಕ್ಕೆ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2023ರ ಆಗಸ್ಟ್ ತಿಂಗಳಿನ ಪಟ್ಟಿಯಲ್ಲಿ 20 ಹೆಸರುಗಳಿದ್ದವು. ಅವುಗಳಲ್ಲಿ ಎಂಟು ರಾಜಧಾನಿ ದೆಹಲಿಯಲ್ಲಿಯೇ ಇದ್ದವು. ಬೆಳಗಾವಿ ಜಿಲ್ಲೆಯ ವಿಳಾಸವುಳ್ಳದ್ದೂ ಒಂದಿತ್ತು.

ಮೂರು ಹಂತಗಳ ಅನುಮತಿ

ವಿಶ್ವವಿದ್ಯಾಲಯ ನಿಜವಾದುದಾದರೆ ಸಾಲದು. ಅದರ ಹೆಸರು ಹೇಳುವ ಕಾಲೇಜೂ ನಿಜವಾಗಿರಬೇಕು. ನಮ್ಮ ರಾಜ್ಯದಲ್ಲಿ ಸಾಮಾನ್ಯ ಪದವಿ ಕಾಲೇಜುಗಳ ವ್ಯವಹಾರ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಂತೆ. ಕಾಲೇಜೊಂದು ಅರ್ಜಿ ಹಾಕಿದಾಗ ವಿಶ್ವವಿದ್ಯಾಲಯವು ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳುಹಿಸುತ್ತದೆ. ನಿವೇಶನ, ಕೊಠಡಿ, ಅಧ್ಯಾಪಕರ ಸಂಖ್ಯೆ, ಪುಸ್ತಕಗಳು, ಪ್ರಯೋಗಾಲಯ, ಸಂಸ್ಥೆಯ ಹಣಕಾಸು ಇವುಗಳನ್ನು ಸಮಿತಿ ಪರಿಶೀಲಿಸಬೇಕು. ಅನಂತರ ದೊರೆಯುವ ಒಪ್ಪಿಗೆಗೆ ‘ಸಂಯೋಜನೆ’ ಎಂದು ಹೆಸರು.

ಇಲ್ಲಿ ಪಾಲಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಂಯೋಜನೆಯ ಆದೇಶವು ಕಾಲೇಜಿನ ಹೆಸರಿಗಷ್ಟೇ ಸಂಬಂಧಿಸಿದುದಲ್ಲ. ಯಾವ ಕೋರ್ಸು, ಯಾವ ವಿಷಯಗಳು, ಎಷ್ಟು ವಿದ್ಯಾರ್ಥಿಗಳು, ಯಾವ ಶೈಕ್ಷಣಿಕ ವರ್ಷ ಎಂಬುದೆಲ್ಲ ಅದರಲ್ಲಿರುತ್ತದೆ. ಬಿ.ಕಾಂ.ಗೆ ಸಂಯೋಜನೆ ಪಡೆದ ಕಾಲೇಜು ಆ ಬಲದ ಮೇಲೆ ಬಿ.ಸಿ.ಎ. ನಡೆಸಲಾಗದು. ತಾತ್ಕಾಲಿಕ ಸಂಯೋಜನೆಯಾದರೆ ಅದನ್ನು ಕಾಲಕ್ಕೆ ಸರಿಯಾಗಿ ನವೀಕರಿಸಿಕೊಳ್ಳಬೇಕು. ಹತ್ತು ವರ್ಷಗಳ ಹಿಂದಿನ ಆದೇಶಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಈ ವರ್ಷದ ಪ್ರವೇಶ ಸಿಂಧುವಾಗುವುದಿಲ್ಲ.

ಮೂರನೆಯ ಹಂತ ವೃತ್ತಿಶಿಕ್ಷಣಕ್ಕೆ ಸಂಬಂಧಿಸಿದುದು. ಇಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಬೇಕು. 2024-25ರಿಂದ ಬಿ.ಬಿ.ಎ., ಬಿ.ಸಿ.ಎ. ಕಾಲೇಜುಗಳನ್ನೂ ಪರಿಷತ್ತು ತನ್ನ ಅನುಮೋದನೆಯ ವ್ಯಾಪ್ತಿಗೆ ತಂದಿದೆ. ವೈದ್ಯಕೀಯಕ್ಕೆ 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವಿದೆ. ಕಾನೂನು ಶಿಕ್ಷಣಕ್ಕೆ ಭಾರತೀಯ ವಕೀಲರ ಪರಿಷತ್ತು, ಬಿ.ಇಡ್.ಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಔಷಧಶಾಸ್ತ್ರಕ್ಕೆ ಅದರದೇ ಪರಿಷತ್ತು ಇವೆ. ಪದವಿ ಕೈಯಲ್ಲಿದ್ದೂ ವೃತ್ತಿಯ ನೋಂದಣಿ ದೊರೆಯದೆ ಹೋದರೆ ಆ ಪದವಿಯಿಂದ ಏನು ಪ್ರಯೋಜನ?

ರಾಜ್ಯದ ಮುದ್ರೆಯೊಂದೇ ಸಾಲದಾದಾಗ

ರಾಜ್ಯವೇ ಕಾಯಿದೆ ಮಾಡಿದ ಮೇಲೆ ಭಯವೇನು ಎಂದು ಕೇಳುವವರಿದ್ದಾರೆ. ಅವರು ಛತ್ತೀಸಗಢದ ಕಥೆಯನ್ನು ತಿಳಿಯಬೇಕು. ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ಅಧಿಕಾರ ಸಂವಿಧಾನದಲ್ಲಿ ರಾಜ್ಯ ಪಟ್ಟಿಗೆ ಸೇರಿದೆ. ಉನ್ನತ ಶಿಕ್ಷಣದ ಮಟ್ಟವನ್ನು ನಿರ್ಧರಿಸುವ ಅಧಿಕಾರ ಕೇಂದ್ರ ಪಟ್ಟಿಗೆ ಸೇರಿದೆ. 2002ರಲ್ಲಿ ಛತ್ತೀಸಗಢ ರಾಜ್ಯವು ಖಾಸಗಿ ವಿಶ್ವವಿದ್ಯಾಲಯಗಳ ಕಾಯಿದೆಯನ್ನು ಮಾಡಿ, ಬರೀ ರಾಜ್ಯಪತ್ರದ ಅಧಿಸೂಚನೆಯ ಮೂಲಕ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ದಾರಿಯನ್ನು ತೆರೆಯಿತು. ಅಲ್ಪಕಾಲದಲ್ಲಿಯೇ 112 ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಅವುಗಳಲ್ಲಿ ಅನೇಕಕ್ಕೆ ಸ್ವಂತ ಕಟ್ಟಡವಾಗಲಿ, ಆವರಣವಾಗಲಿ ಇರಲಿಲ್ಲ.

ಇದನ್ನು ಕಂಡು ಸುಮ್ಮನಿರಲಾರದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಹಿರಿಯ ವಿಜ್ಞಾನಿ ಪ್ರೊ. ಯಶಪಾಲ್. ಅವರು ಹಿಂದೆ ಧನಸಹಾಯ ಆಯೋಗದ ಅಧ್ಯಕ್ಷರಾಗಿದ್ದವರು. ದೂರದರ್ಶನದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಅವರ ಮುಖ ನಮ್ಮ ಅನೇಕ ಓದುಗರಿಗೆ ನೆನಪಿರಬಹುದು. 2005ರ ಫೆಬ್ರುವರಿ 11ರಂದು ನ್ಯಾಯಾಲಯವು ಕಾಯಿದೆಯ 5 ಮತ್ತು 6ನೆಯ ಕಲಮುಗಳನ್ನು ರದ್ದುಗೊಳಿಸಿತು. ಅವುಗಳ ಆಧಾರದ ಮೇಲೆ ನಿಂತಿದ್ದ ವಿಶ್ವವಿದ್ಯಾಲಯಗಳೆಲ್ಲ ಒಮ್ಮೆಗೇ ಕುಸಿದವು. ಅಲ್ಲಿ ನಿಜವಾಗಿ ಓದುತ್ತಿದ್ದ ಮಕ್ಕಳ ಹಿತಕ್ಕಾಗಿ, ಆ ಸಂಸ್ಥೆಗಳನ್ನು ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಿಗೆ ಸಂಯೋಜಿಸಲು ಸರ್ಕಾರ ಕ್ರಮ ಕೈಗೊಳ್ಳಬಹುದೆಂದು ನ್ಯಾಯಾಲಯ ಸೂಚಿಸಿತು. ರಾಜ್ಯದ ಅನುಮತಿ ಅವಶ್ಯಕ. ಆದರೆ ಅನುಮತಿಯ ಹಿಂದೆ ಗ್ರಂಥಾಲಯ, ಗುರುಗಳು, ಪಾಠ ಇವು ಇರಲೇಬೇಕು ಎಂಬುದು ಆ ತೀರ್ಪಿನ ತಿರುಳು.

ಎಲ್ಲೆ ಮೀರಿದರೆ ಸಂಕಟ ಯಾರಿಗೆ?

ಛತ್ತೀಸಗಢ ದೂರವೆನ್ನುವವರಿಗೆ ನಮ್ಮ ಮೈಸೂರಿನಲ್ಲಿಯೇ ಇನ್ನೊಂದು ಪಾಠವಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು 1992ರ ಕಾಯಿದೆಯ ಮೇರೆಗೆ 1996ರಲ್ಲಿ ಅಸ್ತಿತ್ವಕ್ಕೆ ಬಂದ ಸರ್ಕಾರಿ ವಿಶ್ವವಿದ್ಯಾಲಯ. ನೌಕರಿ ಮಾಡುತ್ತ ಓದುವವರಿಗೆ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೆ ಅದು ವರದಾನವಾಗಿತ್ತು. ಆದರೆ ತನ್ನ ವ್ಯಾಪ್ತಿಯನ್ನು ಮೀರಿ, ಹೊರರಾಜ್ಯಗಳ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಅದು ಕೋರ್ಸುಗಳನ್ನು ನಡೆಸುತ್ತಿದೆಯೆಂದು ಧನಸಹಾಯ ಆಯೋಗ ಆಕ್ಷೇಪಿಸಿತು. 2012-13ರ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು 2015ರ ಜೂನ್ ತಿಂಗಳಿನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಟಿತು. ಅಷ್ಟರಲ್ಲಿ 2013-14, 2014-15ನೆಯ ಸಾಲಿನ ವಿದ್ಯಾರ್ಥಿಗಳು ಶುಲ್ಕ ಕಟ್ಟಿ ಓದುತ್ತಿದ್ದರು. ಮುಂದಿನ ಸಾಲುಗಳಿಗೆ ಮಾನ್ಯತೆ ಮರಳಿ ದೊರೆತುದು 2018ರಲ್ಲಿ. ನಡುವೆ ಸಿಕ್ಕಿಕೊಂಡವರು ನೌಕರಿ, ಬಡ್ತಿ, ಮುಂದಿನ ಓದು ಎಲ್ಲಕ್ಕೂ ವರ್ಷಗಟ್ಟಲೆ ಬಾಗಿಲು ತಟ್ಟುತ್ತ ನಿಲ್ಲಬೇಕಾಯಿತು. ಅವರು ಮಾಡಿದ ಅಪರಾಧವೇನೂ ಇರಲಿಲ್ಲ.

ಇದಕ್ಕೂ ಕಠಿಣವಾದುದು 2017ರ ನವೆಂಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು. ಒಡಿಶಾದ ನೀರಾವರಿ ನಿಗಮವೊಂದರ ಬಡ್ತಿ ವಿವಾದದಿಂದ ಹುಟ್ಟಿದ ಮೊಕದ್ದಮೆಯದು. ಕೆಲವು ಪರಿಗಣಿತ ವಿಶ್ವವಿದ್ಯಾಲಯಗಳು ತಕ್ಕ ಅನುಮೋದನೆಯಿಲ್ಲದೆ ದೂರಶಿಕ್ಷಣದ ಮೂಲಕ ಇಂಜಿನಿಯರಿಂಗ್ ಪದವಿಗಳನ್ನು ಕೊಟ್ಟಿದ್ದವು. 2001ರಿಂದ 2005ರವರೆಗೆ ಸೇರಿದವರು ತಾಂತ್ರಿಕ ಶಿಕ್ಷಣ ಪರಿಷತ್ತಿನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಅವರ ಪದವಿ ಉಳಿಯಬೇಕು, ಅನಂತರ ಸೇರಿದವರ ಪದವಿ ರದ್ದಾಗಬೇಕು ಎಂದು ತೀರ್ಪಾಯಿತು. ಸಂಸಾರಸ್ಥರಾಗಿ, ನೌಕರಿಯಲ್ಲಿ ಹತ್ತಾರು ವರ್ಷ ಕಳೆದವರು ಮತ್ತೆ ಪರೀಕ್ಷೆಗೆ ಕುಳಿತರು. ಅದೇ ತೀರ್ಪಿನ ಫಲವಾಗಿ ಆಯೋಗವು 123 ಪರಿಗಣಿತ ಸಂಸ್ಥೆಗಳಿಗೆ ಹೆಸರಿನಿಂದ ‘ವಿಶ್ವವಿದ್ಯಾಲಯ’ ಪದವನ್ನು ಕೈಬಿಡುವಂತೆ ಸೂಚಿಸಿತು.

ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಕುಟುಂಬಗಳೂ ಇಂದು ನಮ್ಮಲ್ಲಿ ಕಡಿಮೆಯಿಲ್ಲ. ಅಮೆರಿಕದಲ್ಲಿ ಕಾಲೇಜು ನಡೆಸಲು ಆಯಾ ರಾಜ್ಯದ ಅನುಮತಿ ಬೇಕು. ಶಿಕ್ಷಣದ ಗುಣಮಟ್ಟಕ್ಕೆ ಅಧಿಕೃತ ಮೌಲ್ಯಮಾಪನ ಸಂಸ್ಥೆಯ ಮಾನ್ಯತೆ ಬೇರೆ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ವಲಸೆ ಇಲಾಖೆಯ ಅನುಮತಿ ಮತ್ತೂ ಬೇರೆ. ಒಂದಿದ್ದರೆ ಇನ್ನೊಂದು ಇದೆಯೆಂದು ಅರ್ಥವಲ್ಲ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ಸಂಸ್ಥೆಯನ್ನು ಅಲ್ಲಿನ ಅಧಿಕಾರಿಗಳು ಮುಚ್ಚಿದರು. ಅದರಲ್ಲಿ ಹೆಸರು ನೋಂದಾಯಿಸಿದ್ದ ಸಾವಿರಕ್ಕೂ ಮೀರಿದ ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು, ಮುಖ್ಯವಾಗಿ ಆಂಧ್ರದವರು. ವೀಸಾ ದೊರೆತಿದೆ, ಆದ್ದರಿಂದ ಸಂಸ್ಥೆ ಸರಿಯಾದುದೇ ಎಂದು ನಂಬಿ ಹೋಗಿದ್ದವರು ಅವರಲ್ಲಿದ್ದರು. ಕೆಲವರ ಕಾಲಿಗೆ ಚಲನವಲನ ತಿಳಿಸುವ ರೇಡಿಯೋ ಪಟ್ಟಿ ಕಟ್ಟಲಾಯಿತು. ಭಾರತ ಸರ್ಕಾರ ಪ್ರತಿಭಟಿಸಬೇಕಾಯಿತು.

ಪ್ರವೇಶಕ್ಕೆ ಮುನ್ನ

ಹಾಗಾದರೆ ಪಾಲಕರು ಮಾಡಬೇಕಾದುದೇನು? ಇದಕ್ಕೆ ವಕೀಲರ ನೆರವೇನೂ ಬೇಕಿಲ್ಲ.

1. ಪದವಿಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆಂದು ಮೊದಲು ಕೇಳಬೇಕು. ಆ ಹೆಸರು ಧನಸಹಾಯ ಆಯೋಗದ ಪಟ್ಟಿಯಲ್ಲಿ ಇದೆಯೇ ಎಂದು ಆಯೋಗದ ಅಂತರಜಾಲ ತಾಣದಲ್ಲಿಯೇ ನೋಡಬೇಕು. ಸಂಸ್ಥೆಯ ಕರಪತ್ರವನ್ನು ನೆಚ್ಚಬಾರದು.

2. ಸಂಯೋಜಿತ ಕಾಲೇಜಾದರೆ ಪ್ರಸಕ್ತ ವರ್ಷದ, ತಮ್ಮ ಮಗ ಅಥವಾ ಮಗಳು ಸೇರುವ ಕೋರ್ಸಿನದೇ ಸಂಯೋಜನಾ ಆದೇಶದ ಪ್ರತಿಯನ್ನು ಕೇಳಬೇಕು. ‘ಅರ್ಜಿ ಹಾಕಿದ್ದೇವೆ, ಆದೇಶ ಬರುತ್ತದೆ’ ಎಂಬ ಉತ್ತರ ಬಂದರೆ ಆದೇಶ ಬಂದ ಮೇಲೆಯೇ ಶುಲ್ಕ ಕಟ್ಟುವುದು ಕ್ಷೇಮ.

3. ವೃತ್ತಿಶಿಕ್ಷಣವಾದರೆ ಸಂಬಂಧಪಟ್ಟ ಪರಿಷತ್ತಿನ ಅನುಮೋದನೆಯನ್ನೂ, ಅನುಮೋದಿತ ಸೀಟುಗಳ ಸಂಖ್ಯೆಯನ್ನೂ ನೋಡಬೇಕು.

4. ದೂರಶಿಕ್ಷಣವಾದರೆ ಆ ವಿಶ್ವವಿದ್ಯಾಲಯಕ್ಕೆ ಆ ವರ್ಷ, ಆ ಕೋರ್ಸನ್ನು ದೂರಶಿಕ್ಷಣದಲ್ಲಿ ನಡೆಸಲು ಆಯೋಗದ ಒಪ್ಪಿಗೆ ಇದೆಯೇ ಎಂದು ಪ್ರತ್ಯೇಕವಾಗಿ ಪರಿಶೀಲಿಸಬೇಕು.

5. ಸಂಘ-ಸಂಸ್ಥೆಗಳ ನೋಂದಣಿ ಪತ್ರ, ಐ.ಎಸ್.ಓ. ಪ್ರಮಾಣಪತ್ರ ಇವು ಪದವಿ ಕೊಡುವ ಅಧಿಕಾರವಲ್ಲ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ‘ನ್ಯಾಕ್’ ಕೊಡುವ ಶ್ರೇಣಿಯು ಗುಣಮಟ್ಟದ ಅಳತೆ. ಅದೂ ಕಾನೂನುಬದ್ಧ ಮಾನ್ಯತೆಗೆ ಬದಲಿಯಲ್ಲ.

ಆಡಳಿತ ಮಂಡಳಿಗಳಿಗೊಂದು ಮಾತು

ನಮ್ಮ ಸಮಾಜದ ಮಠಗಳೂ ವಿದ್ಯಾಸಂಸ್ಥೆಗಳೂ ಶತಮಾನದಿಂದ ಬಡವರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿವೆ. ಆ ಸೇವೆಯಿಂದಲೇ ‘ನಮ್ಮವರ ಕಾಲೇಜು’ ಎಂಬ ಅಚಲವಾದ ನಂಬಿಕೆ ಬೆಳೆದಿದೆ. ಆ ನಂಬಿಕೆ ದೊಡ್ಡ ಆಸ್ತಿ. ಅಷ್ಟೇ ದೊಡ್ಡ ಹೊಣೆ ಕೂಡ. ಹಳ್ಳಿಯ ತಂದೆಯೊಬ್ಬರು ಆದೇಶದ ಪ್ರತಿಯನ್ನು ಕೇಳಿದಾಗ ‘ನಮ್ಮ ಮೇಲೆ ಸಂಶಯವೇ?’ ಎಂದು ಮುಖ ಗಂಟಿಕ್ಕಿಕೊಳ್ಳುವುದು ಯಾವ ಆಡಳಿತ ಮಂಡಳಿಗೂ ಶೋಭಿಸದು. ಕೇಳುವ ಮೊದಲೇ ಆ ವರ್ಷದ ಆದೇಶಗಳನ್ನೆಲ್ಲ ಸೂಚನಾ ಫಲಕದಲ್ಲಿಯೂ ಪ್ರವೇಶ ಪುಸ್ತಿಕೆಯಲ್ಲಿಯೂ ಪ್ರಕಟಿಸುವುದು ಉತ್ತಮ ಸಂಪ್ರದಾಯ. ನವೀಕರಣದ ಅರ್ಜಿಯನ್ನು ಸಕಾಲದಲ್ಲಿ ಸಲ್ಲಿಸುವುದು, ಅನುಮತಿಯ ಮಿತಿಗಿಂತ ಒಂದು ಸೀಟನ್ನೂ ಹೆಚ್ಚಿಗೆ ತುಂಬದಿರುವುದು ಬರೀ ಕಚೇರಿ ಕೆಲಸವೆಂದು ಭಾವಿಸಬಾರದು. ವಿದ್ಯಾರ್ಥಿಗೆ ಸಲ್ಲಬೇಕಾದ ಮೊದಲ ನ್ಯಾಯವೇ ಅದು.

ಪಾಲಕರು ಕೂಡ ಸಂಕೋಚವನ್ನು ಬಿಡಬೇಕು. ಸರಿಯಾದ ಸಂಸ್ಥೆಗೆ ಈ ಪ್ರಶ್ನೆಯಿಂದ ಯಾವ ನೋವೂ ಆಗದು. ಒಂದು ಕಾಗದವನ್ನು ತೆಗೆದು ತೋರಿಸಿದರೆ ಮಾತು ಮುಗಿಯಿತು. ತೋರಿಸಲು ಹಿಂಜರಿಯುವ ಸಂಸ್ಥೆಯ ಬಾಗಿಲಿನಿಂದ ಹಿಂದಿರುಗಿದರೆ ಒಂದು ದಿನದ ಓಡಾಟ ಮಾತ್ರ ವ್ಯರ್ಥವಾದೀತು. ಕೇಳದೆ ಒಳಗೆ ಹೋದರೆ ಮಗುವಿನ ನಾಲ್ಕು ವರ್ಷಗಳೇ ವ್ಯರ್ಥವಾಗಬಹುದು. ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಪ್ರತಿಯೊಂದು ಮನೆಯೂ ಶುಲ್ಕದ ಹಣವನ್ನು ಎಣಿಸುವ ಮುನ್ನ ಆ ಕಾಗದವನ್ನು ಕಣ್ಣಾರೆ ನೋಡಲಿ ಎಂಬುದು ನಮ್ಮ ಕಳಕಳಿಯ ವಿನಂತಿ.