ಗುಳಿಗೆ ನುಂಗಿದ್ದಕ್ಕೆ ಸಾಕ್ಷಿ

ಕೂಡ್ಲಿಗಿ ಕಡೆಯ ಉಜ್ಜಿನಿಯ ಓಣಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಬೆನ್ನು ಹತ್ತಿ ಹೋಗಿದ್ದೆ. ಐದು ತಿಂಗಳ ಬಸುರಿಯೊಬ್ಬಳು ತಾಯಿ ಕಾರ್ಡ್ ತಂದುಕೊಟ್ಟಳು. ಕಬ್ಬಿಣದ ಕೆಂಪು ಗುಳಿಗೆ ಕೊಟ್ಟ ತಾರೀಖು ಅದರಲ್ಲಿತ್ತು. ಆಶಾ ಅದನ್ನು ತೆರೆಯಲೇ ಇಲ್ಲ. ದನಿ ತಗ್ಗಿಸಿ, “ಬಯಲಕಡಿ ಹೋದಾಗ ಕರ್ರಗ ಆಗಾಕತ್ತೈತೇನವ್ವಾ?” ಎಂದರು. ಹುಡುಗಿ ಸೆರಗು ಬಾಯಿಗಿಟ್ಟು ನಕ್ಕಳು: “ಹೂಂ ಅಕ್ಕಾ, ಒಂದೊಂದ್ ದಿನ.”

“ನುಂಗಿದ್ಯಾ ಅಂತ ಕೇಳಿದ್ರ ಎಲ್ಲಾರೂ ಹೂಂ ಅಂತಾರ್ರೀ. ಇದನ್ನ ಕೇಳಿದ್ರ ಖರೇ ಹೊರಗ ಬರತೈತಿ” ಎಂದರು ಆಶಾ, ಹೊರಗೆ ಬಂದ ಮೇಲೆ.

ಗುಳಿಗೆಯ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಉಳಿದದ್ದು ಕಪ್ಪಾಗಿ ಹೊರಬೀಳುತ್ತದೆ. 1960ರ ದಶಕದಲ್ಲಿ ವೈದ್ಯರು ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದರು. ಮಲದ ಚೂರಿಗೆ ಆಮ್ಲ, ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿದರೆ ಕಡು ನೀಲಿ ಏಳುತ್ತದೆ. ಚಿತ್ರಕಾರರ ಪ್ರಷ್ಯನ್ ನೀಲಿಯೂ ಇದೇ. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ. ಉಜ್ಜಿನಿಯ ಅಕ್ಕನಿಗೆ ಆಮ್ಲವೂ ಬೇಕಿಲ್ಲ, ಸೀಸೆಯೂ ಬೇಕಿಲ್ಲ! ಆದರೆ ಬಣ್ಣದ ಸಾಕ್ಷ್ಯ ಹೊಟ್ಟೆಯ ಮಟ್ಟಿಗಷ್ಟೇ. ರಕ್ತ ಏರಿತೋ ಇಲ್ಲವೋ ಎಂದು ಹೇಳಲು ಹಿಮೋಗ್ಲೋಬಿನ್ ನೋಡಲೇಬೇಕು.

ದೇಶದಲ್ಲಿ ಈ ಗುಳಿಗೆ ಹಂಚಿಕೆ ಶುರುವಾದದ್ದು 1970ರಲ್ಲಿ. 2018ರ ‘ಅನೀಮಿಯಾ ಮುಕ್ತ ಭಾರತ’ದ ಲೆಕ್ಕದಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಬಸುರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಇಲಾಖೆಯ ವರದಿ ಕೊಟ್ಟದ್ದನ್ನು ಎಣಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಷ್ಟು ದಿನ ನುಂಗಿದಿರಿ ಎಂದು ಕೇಳುತ್ತದೆ. 2019–21ರ ಸುತ್ತಿನಲ್ಲಿ ನೂರು ದಿನ ನುಂಗಿದವರು ದೇಶದಲ್ಲಿ ನೂರಕ್ಕೆ 44, ನೂರಾ ಎಂಬತ್ತು ದಿನ ನುಂಗಿದವರು 26. ಬಸುರಿಯರಲ್ಲಿ ರಕ್ತಹೀನತೆ ಮಾತ್ರ 52ರಲ್ಲೇ ಕೂತಿತ್ತು. ಮಗುವಿಗೆ ಮೂರೋ ನಾಲ್ಕೋ ವರ್ಷ ತುಂಬಿದ ಮೇಲೆ ತಾಯಿಯನ್ನು ದಿನ ಎಣಿಸು ಎಂದರೆ ಅವಳು ‘ನೂರು’ ಎನ್ನದೆ ಇನ್ನೇನಂದಾಳು? ನನಗಂತೂ ಆ 44ರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಗುಡಿಗಳ ವಿಚಾರಕ್ಕೆ ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಅಂತಾರಲ್ಲ, ಈ ಲೆಕ್ಕವೂ ಒಳಹೊಕ್ಕು ನೋಡಬೇಕಾದದ್ದೇ.

ನುಂಗದಿರಲು ಕಾರಣಗಳಿವೆ: ಓಕರಿಕೆ, ಮಲಬದ್ಧತೆ, ಕೂಸು ಕರ್ರಗಾದೀತೆಂಬ ಅಂಜಿಕೆ. ಅಂಜಿಕೆ ಹುಟ್ಟಿಸುವುದೂ ಅದೇ ಕಪ್ಪು ಇರಬೇಕು! ಕೆಲವರು ಚಹಾದ ಜೊತೆ ನುಂಗುತ್ತಾರೆ; ಚಹಾ ಕಬ್ಬಿಣವನ್ನು ಮೈಗೆ ಅಷ್ಟಾಗಿ ಹತ್ತಗೊಡುವುದಿಲ್ಲ.

2017ರ ಅಕ್ಟೋಬರ್ 2ರಂದು ಶುರುವಾದ ರಾಜ್ಯದ ಮಾತೃಪೂರ್ಣ ಯೋಜನೆ ಗುಳಿಗೆ ನುಂಗಿಸಲು ಒಂದು ದಾರಿ ಹುಡುಕಿತ್ತು. ಅಂಗನವಾಡಿಯಲ್ಲಿ ಬಿಸಿಯೂಟ ಮುಗಿಸಿ ಅಲ್ಲೇ, ಕಾರ್ಯಕರ್ತೆಯ ಕಣ್ಣೆದುರೇ ಗುಳಿಗೆ. ಆದರೆ ತುಂಬಿದ ಬಸುರಿ ದಿನಾ ನಡೆದು ಬರಬೇಕು. ಕುಬುಸ ಆದಮೇಲೆ ತವರಿಗೆ ಹೋದವಳ ಲೆಕ್ಕ ಯಾವ ಊರಿನದು? ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಕಾಫಿ ತೋಟಗಳಿಗೆ ಗುಳೆ ಹೋದವಳದು?

ಅಂಥವರಿಗೆ ಏನು ಮಾಡ್ತೀರಿ ಎಂದು ಕೇಳಿದೆ. “ಫೋನ್ ಹಚ್ಚತೀನ್ರೀ” ಎಂದರು ಆಶಾ. “ಮನ್ಯಾಗ ಗಂಡಸರು ಇಲ್ಲದ ಹೊತ್ತು ನೋಡಿ, ಬಣ್ಣ ಕೇಳತೀನಿ.”